ಮುದುಕಮ್ಮ ಕಟ್ಟುತ್ತಿದ್ದ ಪಟ್ಟಿ

ನನ್ನ ಗಂಡನ ಅಕ್ಕನ ಹೆಸರು ಮುದುಕಮ್ಮ. ತೊಟ್ಟಿಲಲ್ಲಿದ್ದಾಗಲೇ ಅಜ್ಜಿಯ ಹೆಸರಿಟ್ಟರಂತೆ. ಮಸ್ಕಿಯ ಗುಡ್ಡದ ಬುಡದಲ್ಲಿ ಅವಳದೂ ನಮ್ಮದೂ ಒಂದೇ ಗೋಡೆಯ ಮನೆ. ಗೋಡೆಯ ಈ ಕಡೆ ನಾನು, ಪಂಪಮ್ಮ, ಮತ್ತು ನನ್ನ ಗಂಡ ಬೀರಲಿಂಗ. ಆ ಕಡೆ ಅವಳೊಬ್ಬಳೇ. ಹಿತ್ತಲಿನ ಗೋಡೆ ನನ್ನ ಎದೆಯವರೆಗೂ ಬರುವುದಿಲ್ಲ. ಅವಳ ಮನೆಯಲ್ಲಿ ಒಗ್ಗರಣೆ ಹಾಕಿದರೆ ನನಗೆ ಸೀನು ಬರುತ್ತದೆ, ಅವಳು ಅತ್ತರೆ ನನಗೆ ಊಟ ಸೇರುವುದಿಲ್ಲ. ಅವಳ ಕತೆ ಹೇಳುವ ಹಕ್ಕು ನನಗಿಲ್ಲದೆ ಇನ್ಯಾರಿಗಿದೆ?

ಅವಳು ಜಗಳಗಂಟಿ, ಹಟಮಾರಿ, ಹೊಟ್ಟೆಕಿಚ್ಚಿನವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಓಣಿಯಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಆದರೆ ಹೊಟ್ಟೆಕಿಚ್ಚು ಯಾಕೆ ಬಂತು ಎಂದು ಯಾರೂ ಹೇಳುವುದಿಲ್ಲ.

ಅವಳ ಗಂಡ ಆದೆಪ್ಪನದು ಮಿರ್ಚಿ ಬಜಿ ಬಂಡಿ. ಮದುವೆಯಾದ ಹೊಸದರಲ್ಲಿ ಮಸ್ಕಿ ಬಸ್ ನಿಲ್ದಾಣದ ಎದುರು ಇಬ್ಬರೂ ಸೇರಿ ನಡೆಸುತ್ತಿದ್ದರು. ಅವಳು ಮೆಣಸಿನಕಾಯಿ ಸೀಳಿ ಕೊಡುವುದು, ಅವನು ಹಿಟ್ಟಿನಲ್ಲಿ ಅದ್ದಿ ಕರಿಯುವುದು. ಮಕ್ಕಳಾಗಲಿಲ್ಲ. ಆದೆಪ್ಪನ ತಾಯಿ ಅಮರಮ್ಮ ಬಾಯಿ ತೆರೆದರೆ ಬಂಜೆ ಎಂಬ ಮಾತೇ ಬರುತ್ತಿತ್ತು. ಕೊನೆಗೆ ಅವಳೇ ಮುಂದೆ ನಿಂತು ಮಗನಿಗೆ ಸಿಂಧನೂರಿನಲ್ಲಿ ಇನ್ನೊಬ್ಬಳನ್ನು ಗೊತ್ತುಮಾಡಿದಳು. ಹೆಸರು ಜ್ಯೋತಿ. ಆದೆಪ್ಪ ಬಂಡಿ ಸಾಗಿಸಿಕೊಂಡು, ತಾಯಿಯನ್ನೂ ಕರೆದುಕೊಂಡು ಸಿಂಧನೂರಿಗೆ ಹೋದ. ಕಾಲುವೆ ನೀರಿನ ಊರು, ಭತ್ತದ ಊರು, ಬಂಡಿ ಚೆನ್ನಾಗಿ ನಡೆಯಿತು. ಜ್ಯೋತಿಗೂ ಮಕ್ಕಳಾಗಲಿಲ್ಲ. ಆಗ ಅಮರಮ್ಮನ ಬಾಯಿ ಜ್ಯೋತಿಯ ಕಡೆ ತಿರುಗಿತು. ಸಾಯುವ ತನಕವೂ ಆ ಮುದುಕಿ ಮಗನ ಕಡೆ ಮಾತ್ರ ಒಮ್ಮೆಯೂ ಬೆರಳು ತೋರಿಸಲಿಲ್ಲ.

ಸಿಂಧನೂರಿಗೂ ಮಸ್ಕಿಗೂ ಎಷ್ಟು ದೂರ? ಬಸ್ಸು ಹತ್ತಿ ಒಂದು ತೂಕಡಿಕೆ ತೂಕಡಿಸಿದರೆ ಊರು ಬಂದಿರುತ್ತದೆ. ಆದರೂ ಆದೆಪ್ಪ ಬರುತ್ತಿರಲಿಲ್ಲ. ಯಾರಾದರೂ ಸತ್ತರೆ ಬರುತ್ತಿದ್ದ, ದೊಡ್ಡ ಹಬ್ಬಕ್ಕೆ ಒಮ್ಮೊಮ್ಮೆ ಬರುತ್ತಿದ್ದ. ಬಂದವನು ನೆಂಟರ ಹಾಗೆ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದು, ಕೈಗಡಿಯಾರ ನೋಡಿಕೊಂಡು ಎದ್ದು ಹೋಗುತ್ತಿದ್ದ. ಮುದುಕಮ್ಮ ಹತ್ತಿ ಬಿಡಿಸಲು, ಮೆಣಸಿನಕಾಯಿ ತೊಟ್ಟು ತೆಗೆಯಲು ಕೂಲಿಗೆ ಹೋಗಿ ತನ್ನ ಹೊಟ್ಟೆ ತಾನು ಹೊರೆದುಕೊಂಡಳು. ಅವನ ಹೆಸರೆತ್ತಿದರೆ ಉರಿದು ಬೀಳುತ್ತಿದ್ದಳು. ಜ್ಯೋತಿಯ ಹೆಸರೆತ್ತಿದರಂತೂ ಕೈಯಲ್ಲಿದ್ದ ಪಾತ್ರೆ ನೆಲಕ್ಕೆ ಬೀಳುತ್ತಿತ್ತು. ನಮ್ಮ ಮನೆಯ ಚೊಂಬೊಂದು ಇವತ್ತಿಗೂ ನಗ್ಗಿಕೊಂಡೇ ಇದೆ.

ಹೀಗಿರುವಾಗ ಆದೆಪ್ಪನಿಗೆ ಹುಣ್ಣು ಬಂತು. ವರ್ಷಗಟ್ಟಲೆ ಕಡಾಯಿಯ ಮುಂದೆ ನಿಂತು ಅವನ ಕಾಲಿನ ನರಗಳು ಹಾಗಲಬಳ್ಳಿಯ ಹಾಗೆ ಉಬ್ಬಿದ್ದವು. ಎಡಗಾಲಿನ ಹರಡಿನ ಮೇಲೆ, ಕಾಲುಗಂಟಿನ ಒಳಭಾಗದಲ್ಲಿ, ಎಣ್ಣೆ ಡಬ್ಬಿಯ ಅಂಚು ತಾಗಿ ಸಣ್ಣದಾಗಿ ತರಚಿತು. ಬೇರೆಯವರಿಗಾದರೆ ವಾರದಲ್ಲಿ ಒಣಗುತ್ತಿತ್ತು. ಇವನಿಗೆ ಒಣಗಲಿಲ್ಲ, ಅಗಲವಾಯಿತು. ಅರಿಸಿನ ಹಚ್ಚಿದ, ಬೇವಿನೆಲೆ ಅರೆದು ಹಚ್ಚಿದ, ಅಂಗಡಿಯ ಮುಲಾಮು ಹಚ್ಚಿದ. ನೀರು ಸೋರಿ, ಕೀವು ಸೋರಿ, ವಾಸನೆ ಹತ್ತಿತು. ಒಂದು ಬೆಳಿಗ್ಗೆ ಕಾಲಿಗೆ ಹಳೆ ಟವೆಲು ಸುತ್ತಿಕೊಂಡು ಕುಂಟುತ್ತಾ ಮುದುಕಮ್ಮನ ಕಟ್ಟೆಗೆ ಬಂದು ಕುಳಿತ. ನಾನು ಗೋಡೆಯ ಈಚೆ ಪಾತ್ರೆ ತಿಕ್ಕುವುದನ್ನು ನಿಲ್ಲಿಸಿದೆ.

"ಅಕಿಗೆ ವಾಸ್ನಿ ತಡ್ಯಾಕ ಆಗಂಗಿಲ್ಲ. ಪಟ್ಟಿ ಬಿಚ್ಚಿದ್ರ ವಾಂತಿ ಮಾಡ್ತಾಳ," ಅಂದ.

"ನನಗ ಮೂಗಿಲ್ಲ ಅಂತ ತಿಳ್ಕೊಂಡಿಯೇನು?" ಅಂದಳು ಮುದುಕಮ್ಮ. ಅಂದವಳು ಒಳಗೆ ಹೋಗಿ ನೀರು ಕಾಯಿಸಲು ಇಟ್ಟಳು.

ಅಂದಿನಿಂದ ಶುರುವಾಯಿತು. ದಿನ ಬಿಟ್ಟು ದಿನ ಬೆಳಗಿನ ಬಸ್ಸಿಗೆ ಬರುವುದು, ಪಟ್ಟಿ ಕಟ್ಟಿಸಿಕೊಳ್ಳುವುದು, ರೊಟ್ಟಿ ತಿನ್ನುವುದು, ಬಂಡಿ ಹಚ್ಚುವ ಹೊತ್ತಿಗೆ ಸಿಂಧನೂರಿಗೆ ವಾಪಸು ಹೋಗುವುದು. ಮುದುಕಮ್ಮ ಸರಕಾರಿ ದವಾಖಾನೆಯ ಸಿಸ್ಟರಿನ ಬೆನ್ನು ಹತ್ತಿ ಕಲಿತಳು: ಕುದಿಸಿ ಆರಿಸಿದ ನೀರಿನಿಂದ ತೊಳೆಯುವುದು, ಬಟ್ಟೆ ಕಚ್ಚಿಕೊಂಡಿದ್ದರೆ ನೆನೆಸಿ ಬಿಡಿಸುವುದು, ಬೆರಳಿನ ಬುಡದಿಂದ ಶುರುಮಾಡಿ ಮೊಣಕಾಲಿನವರೆಗೆ ಪಟ್ಟಿಯನ್ನು ಬಿಗಿಯಾಗಿ ಸುತ್ತುತ್ತಾ ಬರುವುದು. ಕೆಳಗೆ ಬಿಗಿ ಹೆಚ್ಚು, ಮೇಲೆ ಹೋದಂತೆ ಕಡಿಮೆ. ಅವನ ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಬಗ್ಗಿ ಸುತ್ತುವಾಗ ಅವಳ ಮುಖ ನೋಡಬೇಕಿತ್ತು. ಬೈಗುಳ ಬಾಯಲ್ಲಿ, ಕೈ ಮಾತ್ರ ಹಗುರ.

ನನಗೆ ಆದೆಪ್ಪನನ್ನು ಕಂಡರೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಆದರೂ ನಿಜ ಹೇಳುತ್ತೇನೆ, ಅದನ್ನು ನೋಡಿ ನನಗೂ ಹೊಟ್ಟೆ ಉರಿಯುತ್ತಿತ್ತು. ನನ್ನ ಗಂಡ ಬೀರಲಿಂಗನಿಗೆ ಒಂದು ನೆಗಡಿಯೂ ಬರುವುದಿಲ್ಲ. ತಲೆ ಒತ್ತಲೇ ಎಂದರೆ ಯಾಕೆ, ಏನಾಗೈತಿ ಎಂದು ಕೇಳುವ ಗಂಡಸು ಅದು.

"ಅಕಿ ಅನ್ನ ಹಾಕ್ಲಿ, ಹಾಸಿಗಿ ಹಾಸ್ಲಿ," ಎನ್ನುತ್ತಿದ್ದಳು ಮುದುಕಮ್ಮ, ಆದೆಪ್ಪ ಬಸ್ಸು ಹತ್ತಿದ ಮೇಲೆ. "ಕಾಲು ನನ್ನ ಕೈಯಾಗೈತಿ ಬೇ."

ಒಮ್ಮೆ ಜ್ಯೋತಿಯೇ ಬಂದಳು. ಮೂಗಿಗೆ ಸೆರಗು ಕಟ್ಟಿಕೊಂಡಾದರೂ ತಾನೇ ಪಟ್ಟಿ ಕಟ್ಟುತ್ತೇನೆ, ಇವರಿಗೆ ಬಸ್ಸಿನ ಓಡಾಟ ತಪ್ಪುತ್ತದೆ, ಕಲಿಸಿಕೊಡು ಅಕ್ಕಾ ಎಂದು ಬಾಗಿಲಲ್ಲಿ ನಿಂತು ಕೇಳಿದಳು. ಮುದುಕಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಗಂಡನ್ನ ಕಸ್ಗೋಬೇಕಾದ್ರ ನನ್ನ ಕೇಳಿದ್ದೇನು? ಪಟ್ಟಿಗೆ ಯಾಕ ಕೇಳಾಕ ಬಂದಿ?" ಎಂದು ಬಾಗಿಲು ಹಾಕಿಕೊಂಡಳು.

ವರ್ಷಗಳು ಹೀಗೇ ಹೋದವು. ಹುಣ್ಣು ಬೇಸಿಗೆಯಲ್ಲಿ ಸ್ವಲ್ಪ ಕುಗ್ಗುತ್ತಿತ್ತು, ಮತ್ತೆ ಹಿಗ್ಗುತ್ತಿತ್ತು. ಮುದುಕಮ್ಮನ ಮೈ ತುಂಬಿಕೊಂಡಿತು. ಆದೆಪ್ಪ ಬರುವ ದಿನ ಅವಳು ಕೂಲಿಗೆ ಹೋಗುತ್ತಿರಲಿಲ್ಲ, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಳ್ಳುತ್ತಿದ್ದಳು.

ಆದೆಪ್ಪನನ್ನು ನೋಡುತ್ತಿದ್ದ ಡಾಕ್ಟರು ಲಿಂಗಸುಗೂರಿನ ಚನ್ನವೀರ ಎಂಬವರು. ಅವರೇ ಒಂದು ದಿನ ಹೊಸ ಇಲಾಜಿನ ಮಾತೆತ್ತಿದರು. ಹೊರ ಊರಿನ ದೊಡ್ಡ ದವಾಖಾನೆಯೊಂದರಲ್ಲಿ ಸ್ಟೆಮ್ ಸೆಲ್ ಎಂಬ ಕೋಶಗಳನ್ನು ಪರೀಕ್ಷೆ ಮಾಡಿ ನೋಡುತ್ತಿದ್ದಾರೆ, ಬಹಳ ದಿನದಿಂದ ಮಾಯದ ಹುಣ್ಣಿನವರು ಬೇಕಾಗಿದ್ದಾರೆ, ಒಂದು ಪೈಸೆಯೂ ತೆಗೆದುಕೊಳ್ಳುವುದಿಲ್ಲ ಅಂದರು. ರೋಗಿಯದೇ ಹೊಟ್ಟೆಯ ಚರ್ಮದ ಕೆಳಗಿನ ಕೊಬ್ಬನ್ನು ಸಣ್ಣ ಕೊಳವೆಯಿಂದ ಸ್ವಲ್ಪ ತೆಗೆಯುತ್ತಾರೆ. ಅದರಲ್ಲಿರುವ ಆ ಕೋಶಗಳನ್ನು ಬೇರೆ ಮಾಡಿ ಹುಣ್ಣಿನ ಸುತ್ತ ಸೂಜಿಯಿಂದ ಚುಚ್ಚಿ ಬಿಡುತ್ತಾರೆ. ಆದೆಪ್ಪ ಇದನ್ನೆಲ್ಲ ಮುದುಕಮ್ಮನ ಕಟ್ಟೆಯ ಮೇಲೆ ಕುಳಿತು ಹೇಳಿದಾಗ ನಾನೂ ಅಲ್ಲೇ ಇದ್ದೆ.

"ಹಾಲಿಗೆ ಹೆಪ್ಪು ಹಾಕ್ತೀರಲ್ಲ, ಹಂಗ ಅಂದ್ರು ಡಾಕ್ಟ್ರು," ಅಂದ ಆದೆಪ್ಪ. "ನನ್ನ ಹುಣ್ಣು ಮಲಕ್ಕೊಂಡುಬಿಟ್ಟೈತಂತ. ಆ ಕೋಶ ಹೋಗಿ ಸುತ್ತಲಿದ್ದ ಚರ್ಮಾನ ಎಬ್ಬಸ್ತಾವಂತ. ಮಾಯ್ತೈತಿ ಅಂತ ಖಾತ್ರಿ ಕೊಡಂಗಿಲ್ಲ, ಖಾತ್ರಿ ಕೊಡ್ತೀನಿ ಅಂತ ರೊಕ್ಕ ಕೇಳೋರ ಹಂತ್ಯಾಕ ಹೋಗಬ್ಯಾಡ ಅಂದ್ರು."

"ಮಾಯ್ತಂದ್ರ?" ಅಂದಳು ಮುದುಕಮ್ಮ.

"ಮಾಯ್ತಂದ್ರ ಚೊಲೋ ಆತಲ್ಲ! ಈ ಪಟ್ಟಿ ಇಲ್ಲ, ಈ ಬಸ್ಸಿನ ತಿರುಗಾಟ ಇಲ್ಲ."

ಆ ಮಾತು ಆಡಿದವನಿಗೆ ಅದು ಎಲ್ಲಿ ನಾಟಿತೆಂದು ಗೊತ್ತಾಗಲಿಲ್ಲ. ಮುದುಕಮ್ಮ ಸುತ್ತಿದ್ದಷ್ಟೂ ಪಟ್ಟಿ ಬಿಚ್ಚಿದಳು. ಮತ್ತೆ ಸುತ್ತಿದಳು. ಆವತ್ತು ಪಟ್ಟಿ ಬಿಗಿ ಹೆಚ್ಚಾಗಿ ಅವನು ಹಾ ಎಂದು ಕೂಗಿದ.

ಅವನು ಹೋದ ಮೇಲೆ ಅವಳು ನಮ್ಮ ಅಡುಗೆಮನೆಗೆ ಬಂದು ಕುಳಿತಳು. ಹುಣ್ಣು ಮಾಯಬಾರದು ಎನ್ನುವಷ್ಟು ಕೆಟ್ಟವಳಲ್ಲ ಅವಳು. ಮಾಯಲಿ ಎನ್ನುವಷ್ಟು ಒಳ್ಳೆಯವಳೂ ಅಲ್ಲ. ನನ್ನ ಮೊಸರಿನ ಗಡಿಗೆಯ ಮುಚ್ಚಳ ತೆಗೆದು ನೋಡಿ ಹೇಳಿದಳು:

"ಪಂಪಿ, ಹೆಪ್ಪು ಯಾರ ಮನೀದೋ ಮೊಸರು ಅವರ ಮನಿ ರುಚೀದೇ ಆಗ್ತೈತಿ, ಹೌದಿಲ್ಲೋ?"

"ಹೌದು."

"ಮತ್ತ ಅವನ ಹೊಟ್ಟಿ ಯಾರ ಮನ್ಯಾಗ ಬಂತು? ಅಕಿ ಮನ್ಯಾಗ. ಅಕಿ ಅನ್ನದ ಕೊಬ್ಬು. ಆ ಕೊಬ್ಬು ತಗದು ಕಾಲಿಗೆ ಹಾಕಿ ಹುಣ್ಣು ಮಾಯ್ತಂದ್ರ, ಆ ಕಾಲು ಅಕೀದೇ ಆತಲ್ಲ ಬೇ. ಇಷ್ಟ್ ವರ್ಷ ಕೀವು ತೊಳದಾಕಿ ನಾನು, ಮಾಯಿಸಿದಾಕಿ ಅಕಿ ಆಗ್ತಾಳ."

ನಾನು ನಕ್ಕೆ. ಆಮೇಲೆ ನಗು ನಿಂತಿತು. ಯಾಕೆಂದರೆ ಅವಳ ಲೆಕ್ಕದಲ್ಲಿ ನನಗೆ ತಪ್ಪೇನೂ ಕಾಣಲಿಲ್ಲ. ಹೊಟ್ಟೆ ಸಿಂಧನೂರಿನದೇ ಆಗಿತ್ತು.

"ಇಲಾಜಿಗೆ ಕರಿಯೋದು ಇನ್ನ ತಡ ಐತಂತ," ಅಂದಳು. ಅವಳ ಕಣ್ಣು ನನ್ನ ತುಪ್ಪದ ಡಬ್ಬಿಯ ಮೇಲಿತ್ತು. "ಅಷ್ಟ್ರಾಗ ನನ್ನ ಕೈ ಅಡಿಗಿ ಕೊಬ್ಬು ಬರಸ್ತೀನಿ. ಹುಣ್ಣು ಹೋದ್ರೂ ಆ ಕಾಲಾಗ ನಾ ಇರಬೇಕು."

ಮಾರನೆಯ ಸಲದಿಂದ ಆದೆಪ್ಪನಿಗೆ ಬರೀ ರೊಟ್ಟಿ ಸಿಗಲಿಲ್ಲ. ಶೇಂಗಾ ಹೋಳಿಗೆ, ಮೇಲೆ ತುಪ್ಪ. ಸಜ್ಜೆ ರೊಟ್ಟಿ, ಮೇಲೆ ಬೆಣ್ಣೆ. ಎಳ್ಳು ಬೆಲ್ಲದ ಉಂಡೆ. ತಿಂದು ಮುಗಿಸಿದ ಮೇಲೆ ಸಂಜೆಗೆಂದು ಡಬ್ಬಿ ಬೇರೆ. ದಿನ ಬಿಟ್ಟು ದಿನ ಬರುವವನನ್ನು ದಿನಾ ಬಾ ಎಂದಳು, ಪಟ್ಟಿ ದಿನಾ ಬದಲಿಸಬೇಕು ಎಂದು ನೆಪ ಹೇಳಿದಳು. ಅವನು ದಿನಾ ಬಂದ. ಅಂಥ ಊಟಕ್ಕೆ ಯಾರು ಬರುವುದಿಲ್ಲ?

ಎಡವಟ್ಟಾದದ್ದು ಆ ಡಬ್ಬಿಯಿಂದ. ಜ್ಯೋತಿ ಡಬ್ಬಿ ಬಿಚ್ಚಿ ನೋಡಿದಳು, ಆದೆಪ್ಪನ ಬಾಯಿ ಬಿಡಿಸಿದಳು, ಮುದುಕಮ್ಮ ಬಡಿಸುತ್ತಾ ತನಗೂ ಹೇಳಿದ್ದ ಹೆಪ್ಪಿನ ಲೆಕ್ಕವನ್ನು ಆದೆಪ್ಪ ತಮಾಷೆಯೆಂದು ಹೇಳಿ ನಕ್ಕ. ಜ್ಯೋತಿ ನಗಲಿಲ್ಲ. ಆ ರಾತ್ರಿಯಿಂದ ಅವಳೂ ಶುರುಮಾಡಿದಳು. ಸೋನಾಮಸೂರಿ ಅನ್ನ, ಕುರಿ ಸಾರು, ಶ್ಯಾವಿಗೆ ಪಾಯಸ. ಇದು ತನ್ನ ಹೊಟ್ಟೆ, ತಾನು ಬೆಳೆಸಿದ ಹೊಟ್ಟೆ, ಮಸ್ಕಿಯವಳು ಕೊನೆ ಗಳಿಗೆಯಲ್ಲಿ ಬಂದು ಪಾಲು ಕೇಳುವುದೇನು ಎಂದು ಅವಳ ಸಿಟ್ಟು. ಆದೆಪ್ಪ ಎರಡೂ ಕಡೆ ತಿಂದ. ಒಬ್ಬಳ ಮುಂದೆ ಬೇಡ ಎಂದರೆ ಇನ್ನೊಬ್ಬಳಲ್ಲಿ ತಿಂದಿದ್ದೀಯಾ ಎಂಬ ಮಾತು ಬರುತ್ತಿತ್ತು, ಅದಕ್ಕಿಂತ ತಿನ್ನುವುದೇ ಸುಲಭ. ಅಂಗಿಯ ಗುಂಡಿ ಹಾಕಲು ಬರದಂತಾಯಿತು. ಗಂಡಸಿನ ಹಣೆಬರಹ ನೋಡಿ ಎಂದು ನಾನು ಬೀರಲಿಂಗನಿಗೆ ಹೇಳಿದೆ. ಅವನು, ಇವತ್ತು ನಮ್ಮ ಮನ್ಯಾಗ ಏನು ಅಂತ ಕೇಳಿದ. ನಿನ್ನೆಯ ಸಾರು ಅಂದೆ.

ಹುಣ್ಣು ಕೆಟ್ಟದ್ದು ಮೊದಲು ಗೊತ್ತಾದದ್ದು ಮುದುಕಮ್ಮನ ಕೈಗೇ. ಅಂಚು ಕಪ್ಪಾಯಿತು, ಸೋರುವುದು ಹೆಚ್ಚಾಯಿತು, ಪಾದ ಬಾತುಕೊಂಡಿತು. ಆಗ ಅವಳಿಗೆ ಒಳಗೊಳಗೇ ಸಮಾಧಾನವಾಯಿತೇ ಎಂದು ಕೇಳಿದರೆ, ಹೌದು, ಆಗಿತ್ತು. ಇನ್ನು ಬಹಳ ದಿನ ಬರುತ್ತಾನೆ ಎಂದು ಅವಳು ನನ್ನೆದುರೇ ಅಂದಳು. ಆದರೆ ಒಂದು ಬೆಳಿಗ್ಗೆ ಪಟ್ಟಿ ಬಿಚ್ಚಿದಾಗ ಮಾಂಸದ ತುಂಡೇ ಬಟ್ಟೆಗೆ ಅಂಟಿಕೊಂಡು ಬಂತು. ಅವಳು ಗೋಡೆಯ ಮೇಲಿಂದ ನನ್ನನ್ನು ಕೂಗಿ, ಬಸ್ಸಿಗೆ ರೊಕ್ಕ ತಗೊಂಡು ಬಾ ಅಂದಳು.

ಲಿಂಗಸುಗೂರಿಗೆ ಹೊರಟೆವು. ಸಿಂಧನೂರಿನಿಂದ ಜ್ಯೋತಿಯೂ ಬಂದಳು, ಆದೆಪ್ಪ ಫೋನು ಮಾಡಿ ಕರೆಸಿದ್ದ. ದವಾಖಾನೆಯ ಬೆಂಚಿನ ಆ ತುದಿಗೆ ಒಬ್ಬಳು, ಈ ತುದಿಗೆ ಒಬ್ಬಳು, ನಡುವೆ ನಾನು.

ಚನ್ನವೀರ ಡಾಕ್ಟರು ರಕ್ತ ಪರೀಕ್ಷೆಯ ಚೀಟಿ ಹಿಡಿದು ಕೆಂಡವಾದರು. "ಆದೆಪ್ಪ, ಶುಗರ್ ಎಲ್ಲಿಗೆ ಹೋಗೇತಿ ಗೊತ್ತೈತೇನ್ರೀ? ಹಿಂಗಿದ್ರ ಆ ಪರೀಕ್ಷಾದಾಗ ನಿಮ್ಮನ್ನ ತಗೊಳ್ಳಂಗಿಲ್ಲ. ಅದು ಬಿಡ್ರಿ, ಹಿಂಗ ನಡದ್ರ ಕಾಲೇ ಉಳಿಯಂಗಿಲ್ಲ. ಯಾರ್ರೀ ಇವರಿಗೆ ಅಡಿಗಿ ಮಾಡಿ ಹಾಕೋರು?"

"ನಾನ್ರೀ," ಎಂದರು ಇಬ್ಬರೂ ಒಟ್ಟಿಗೆ.

ಡಾಕ್ಟರು ಅವಳನ್ನು ನೋಡಿದರು, ಇವಳನ್ನು ನೋಡಿದರು, ಆದೆಪ್ಪನನ್ನು ನೋಡಿದರು. ಆದೆಪ್ಪ ಗೋಡೆಯ ಮೇಲಿದ್ದ ಎಲುಬಿನ ಚಿತ್ರ ನೋಡಿದ.

"ಡಾಕ್ಟ್ರೇ, ಹೊಟ್ಟಿ ನನ್ನ ಮನ್ಯಾಗ ಬಂದದ್ದು," ಅಂದಳು ಜ್ಯೋತಿ. "ಮಸ್ಕಿಯಿಂದ ಬಂದಾಗ ಇವರ ಪಕ್ಕಿ ಎಲುಬು ಎಣಿಸಬೌದಿತ್ತು. ನೀವು ತಗಿಯೋದು ನನ್ನ ಅನ್ನದ ಕೊಬ್ಬು. ಇಕಿ ಈಗ ಬಂದು ತುಪ್ಪಾ ಸುರುದು ನಂದು ನಂದು ಅಂದ್ರ?"

"ಹೊಟ್ಟಿ ನಿಂದಾದ್ರ ಹುಣ್ಣು ಯಾರದ್ಲೇ?" ಮುದುಕಮ್ಮ ಎದ್ದು ನಿಂತಳು. "ವಾಸ್ನಿ ಬಂದಾಗ ನನ್ನ ಕಟ್ಟಿಗೆ ಕಳಿಸಿದಿ. ಚೊಲೋ ಆಗೋ ಹೊತ್ತಿಗೆ ನಂದು ಅಂತಿ. ನನ್ನ ಕೈ ಅಡಿಗಿ ಕೊಬ್ಬಿಲೇ ಮಾಯಬೇಕದು!"

ಹೊರಗೆ ಕುಳಿತ ಜನ ಬಾಗಿಲಿಗೆ ಬಂದು ನಿಂತರು. ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಬಾಗಿಲು ಹಾಕಿಸಿ, ಇಬ್ಬರನ್ನೂ ಕೂಡಿಸಿದರು.

"ತಾಯಿ, ಕೇಳ್ರಿಲ್ಲಿ. ನಮಗ ಬೇಕಾಗಿದ್ದು ಕೊಬ್ಬಲ್ಲ, ಅದರೊಳಗಿರೋ ಕೋಶ. ಅದಕ್ಕ ಒಂದು ವಾಟಗದಷ್ಟು, ಒಂದು ಸಣ್ಣ ಬಟ್ಟಲದಷ್ಟು, ಸಾಕು. ಆ ಕೋಶ ಹೋಳಿಗಿ ತಿಂದ್ರ ಬರಂಗಿಲ್ಲ, ಪಾಯಸ ತಿಂದ್ರೂ ಬರಂಗಿಲ್ಲ. ಇವರು ತಾಯಿ ಹೊಟ್ಯಾಗಿದ್ದಾಗಿಂದ ಇವರ ಮೈಯಾಗ ಇರೋವು."

"ಅಂದ್ರ?" ಅಂದಳು ಜ್ಯೋತಿ.

"ಅಂದ್ರ ನೀವೂ ಕೊಟ್ಟಿದ್ದಲ್ಲ, ಅವರೂ ಕೊಟ್ಟಿದ್ದಲ್ಲ. ಇವರ ತಾಯಿ ಕೊಟ್ಟಿದ್ದು."

ಸತ್ತು ಇಷ್ಟು ವರ್ಷದ ಮೇಲೆ ಅಮರಮ್ಮ ಆ ಕೋಣೆಗೆ ಬಂದು ಕುಳಿತಳು.

"ಆ ಮುದುಕೀದಾ?" ಅಂದಳು ಮುದುಕಮ್ಮ. ಜ್ಯೋತಿಯ ಮುಖವೂ ಹಾಗಲಕಾಯಿ ತಿಂದಂತಾಗಿತ್ತು. ಆದೆಪ್ಪನಿಗೆ ಮಾತ್ರ ಕಣ್ಣಲ್ಲಿ ನೀರು ಬಂತು. ನಮ್ಮವ್ವ ಎಂದು ಟವೆಲಿನಿಂದ ಒರೆಸಿಕೊಂಡ. ಇಬ್ಬರೂ ಹೆಂಡಿರು ಒಂದೇ ನೋಟದಿಂದ ಅವನನ್ನು ನೋಡಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಒಂದು ಆಶ್ಚರ್ಯ ನಡೆಯಿತು. ಮುದುಕಮ್ಮ ಕಿಟಕಿಯ ಕಡೆ ಆದೆಪ್ಪನ ಪಕ್ಕ, ಜ್ಯೋತಿ ಹಿಂದಿನ ಸೀಟಿನಲ್ಲಿ ನನ್ನ ಪಕ್ಕ. ಮೊದಲು ಜ್ಯೋತಿ, ಅತ್ತೆ ಸಾಯುವ ಮುಂಚೆ ತನಗೆ ಏನೇನು ಅಂದಳೆಂದು ನನಗೆ ಹೇಳತೊಡಗಿದಳು. ಮುದುಕಮ್ಮ ಹಿಂದೆ ತಿರುಗಿ, ಅದೇನು ಮಹಾ, ನನಗೆ ಅಂದದ್ದು ಕೇಳು ಎಂದಳು. ಸಂತೆಕಲ್ಲೂರು ಬರುವ ಹೊತ್ತಿಗೆ ಇಬ್ಬರೂ ಸೇರಿ ಅಮರಮ್ಮನನ್ನು ಜಾಲಾಡುತ್ತಿದ್ದರು. ನಾನು, ಪರವಾಗಿಲ್ಲ, ಇನ್ನು ಇವರ ಜಗಳ ಮುಗಿಯಿತು ಅಂದುಕೊಂಡೆ. ಮಸ್ಕಿ ಬಂತು, ನಾವಿಬ್ಬರೂ ಇಳಿದೆವು. ಬಸ್ಸು ಹೊರಡುವಾಗ ಮುದುಕಮ್ಮ ತಿರುಗಿ ನೋಡಿದಳು. ಅವಳು ಎದ್ದ ಸೀಟಿನಲ್ಲಿ ಆದೆಪ್ಪನ ಪಕ್ಕ ಜ್ಯೋತಿ ಕುಳಿತಿದ್ದಳು. ಸಿಂಧನೂರಿನವರೆಗೂ ಹಾಗೇ ಹೋಗುತ್ತಾಳೆ.

ಆದರೆ ಕಾಲು ಹೋಗುತ್ತದೆ ಎಂಬ ಭಯ ದೊಡ್ಡದು. ಹೋಳಿಗೆ ನಿಂತಿತು, ಪಾಯಸ ನಿಂತಿತು. ಮಸ್ಕಿಯಲ್ಲಿ ಒಣ ರೊಟ್ಟಿ ಪುಂಡಿಪಲ್ಯ, ಸಿಂಧನೂರಿನಲ್ಲಿ ಸಪ್ಪೆ ಬೇಳೆ ಮತ್ತು ಅಷ್ಟೇ ಒಣ ರೊಟ್ಟಿ. ಆದೆಪ್ಪ ಬಡವಾದ, ಸಿಡುಕನಾದ. ಶುಗರು ಇಳಿಯಿತು, ಕಾಲಿನ ಬಾವು ಇಳಿಯಿತು. ಕೊನೆಗೆ ದೊಡ್ಡ ದವಾಖಾನೆಯಿಂದ ಕರೆ ಬಂತು.

ಜೊತೆಗೆ ಒಬ್ಬರು ಮಾತ್ರ ಇರಬಹುದು ಎಂದರು. ಮುದುಕಮ್ಮ ಅವತ್ತೇ ಚೀಲ ಕಟ್ಟಿಟ್ಟಳು. ಪಟ್ಟಿಗೆಂದು ಹಳೆ ಸೀರೆ ಒಗೆದು, ಕುದಿಸಿ, ಬಿಸಿಲಿಗೆ ಹಾಕಿ ಮಡಚಿಟ್ಟಿದ್ದಳು. ಆದೆಪ್ಪ ಬಂದು ಬಾಗಿಲಲ್ಲೇ ನಿಂತು, ಅಲ್ಲಿ ಬೋರ್ಡು ಓದಬೇಕು, ಫೋನು ಮಾಡಬೇಕು, ಜ್ಯೋತಿಗೆ ಬರುತ್ತದೆ, ಅವಳು ಬರಲಿ ಅಂದ. ಪಟ್ಟಿಯನ್ನೂ ಅಲ್ಲಿನ ಸಿಸ್ಟರುಗಳೇ ಕಟ್ಟುತ್ತಾರಂತೆ ಅಂದ. ಮುದುಕಮ್ಮ ಹೂಂ ಅಂದಳು. ಅವಳು ಹೂಂ ಎಂದದ್ದು ಕೇಳಿ ನನಗೆ ಹೆದರಿಕೆಯಾಯಿತು, ಯಾಕೆಂದರೆ ಅವಳು ಚೊಂಬು ಎಸೆಯುತ್ತಾಳೆ ಎಂದು ನಾನು ಕಾಯುತ್ತಿದ್ದೆ.

ಇಲಾಜು ಆಯಿತು. ಹೊಟ್ಟೆಯಿಂದ ತೆಗೆದರು, ಕಾಲಿಗೆ ಚುಚ್ಚಿದರು, ವಿಶೇಷ ಪಟ್ಟಿ ಕಟ್ಟಿ ಯಾರೂ ಮುಟ್ಟಬಾರದು ಎಂದು ಕಳಿಸಿದರು. ವಾರಕ್ಕೊಮ್ಮೆ ಲಿಂಗಸುಗೂರಿನಲ್ಲಿ ಚನ್ನವೀರ ಡಾಕ್ಟರೇ ಬಿಚ್ಚಿ ನೋಡಿ, ಫೋಟೋ ತೆಗೆದು, ಮತ್ತೆ ಕಟ್ಟಿಸುತ್ತಿದ್ದರು. ಬಸ್ಸು ಮಸ್ಕಿಯ ಮೇಲೆಯೇ ಹೋಗಬೇಕು. ಆ ದಿನ ಮುದುಕಮ್ಮ ನಿಲ್ದಾಣಕ್ಕೆ ಹೋಗಿ ನಿಲ್ಲುತ್ತಿದ್ದಳು. ಬಸ್ಸು ನಿಂತಷ್ಟು ಹೊತ್ತು ಕಿಟಕಿಯ ಕೆಳಗೆ ನಿಂತು, ಹೆಂಗೈತಿ ಎಂದು ಕೇಳುತ್ತಿದ್ದಳು. ಅವನು, ಕಮ್ಮಿ ಆಗೈತಿ ಅನ್ನುತ್ತಿದ್ದ. ಪಕ್ಕದಿಂದ ಜ್ಯೋತಿ, ಅಂಚಿಗೆ ಕೆಂಪಗ ಹೊಸ ಚರ್ಮ ಬಂದೈತಕ್ಕಾ ಅನ್ನುತ್ತಿದ್ದಳು. ಅದನ್ನು ಕಣ್ಣಾರೆ ಕಂಡವಳು ಜ್ಯೋತಿ. ಮುದುಕಮ್ಮ ಮನೆಗೆ ಬಂದು, ಒಂದೊಂದು ದಿನ, ಅಭ್ಯಾಸಬಲದಿಂದ ನೀರು ಕಾಯಿಸಲು ಇಟ್ಟುಬಿಡುತ್ತಿದ್ದಳು. ನೀರು ಕುದ್ದು ಕುದ್ದು ಅರ್ಧವಾದ ಮೇಲೆ ಒಲೆ ಆರಿಸುತ್ತಿದ್ದಳು.

ಕೆಲವು ತಿಂಗಳಲ್ಲಿ ಹುಣ್ಣು ಪೂರ್ತಿ ಮುಚ್ಚಿತು. ಡಾಕ್ಟರಿಗೇ ಸಂತೋಷ. ಆದರೂ, ಎಲ್ಲರಿಗೂ ಹೀಗೆ ಆಗಿಲ್ಲ, ಕೆಲವರಿಗೆ ಏನೂ ಫರಕು ಕಾಣಲಿಲ್ಲ, ನಿಮಗೆ ಮಾಯ್ದದ್ದು ಕೋಶದಿಂದಲೋ, ಶುಗರು ಇಳಿದದ್ದರಿಂದಲೋ, ಇನ್ನೂ ನೋಡಬೇಕು ಎಂದರಂತೆ. ಉಬ್ಬಿದ ನರ ಇದ್ದೇ ಇದೆ, ಮತ್ತೆ ಹುಣ್ಣು ಬರಬಾರದೆಂದರೆ ಬದುಕಿರುವವರೆಗೂ ಬಿಗಿಯ ಕಾಲುಚೀಲ ಹಾಕಿಕೊಳ್ಳಬೇಕು ಎಂದು ಒಂದು ಜೊತೆ ಕೊಟ್ಟರು. ಬೆಳಿಗ್ಗೆ ಏಳುವ ಮುಂಚೆ ಹಾಸಿಗೆಯಲ್ಲೇ ಹಾಕಬೇಕಂತೆ. ಹಾಸಿಗೆ ಸಿಂಧನೂರಿನಲ್ಲಿತ್ತು.

ಆದೆಪ್ಪ ಬರುವುದು ನಿಂತಿತು. ಜೋಳದ ಬಿತ್ತನೆ ಮುಗಿಯಿತು, ಹತ್ತಿ ಬಿಡಿಸುವ ಕಾಲ ಬಂತು. ಮುದುಕಮ್ಮ ಮತ್ತೆ ದಿನಾ ಕೂಲಿಗೆ ಹೋಗತೊಡಗಿದಳು. ತಲೆ ಬಾಚುವುದು ಬಿಟ್ಟಳು. ನಾನೇ ಒಮ್ಮೆ, ಫೋನರ ಮಾಡಬಾರ್ದಾ ಯಕ್ಕಾ, ಕಾಲು ಹೆಂಗೈತಿ ಅಂತ ಕೇಳಬಾರ್ದಾ ಅಂದೆ. "ಚೊಲೋ ಐತಂತಲ್ಲ, ಏನು ಕೇಳ್ಲಿ?" ಅಂದಳು. ಆ ವರ್ಷ ಅವಳು ಜ್ಯೋತಿಯನ್ನು ಬೈದದ್ದು ಕೂಡ ಕಡಿಮೆ. ಅದೇ ನನಗೆ ಸಂಕಟವಾಗಿತ್ತು.

ಮತ್ತೊಂದು ಬೆಳಿಗ್ಗೆ, ಅವಳು ಬುತ್ತಿ ಕಟ್ಟಿಕೊಂಡು ಹೊರಡುವ ಹೊತ್ತಿಗೆ, ಆದೆಪ್ಪ ಬಂದ. ಕುಂಟದೆ, ಕೈಬೀಸಿಕೊಂಡು ಬಂದ. ಬಂದು ಕಟ್ಟೆಯ ಮೇಲೆ ಕುಳಿತು, ಎಂದಿನಂತೆ ಎಡಗಾಲು ಚಾಚಿದ.

ಮುದುಕಮ್ಮ ಬುತ್ತಿಯನ್ನು ಅಲ್ಲೇ ಇಟ್ಟು ಓಡಿ ಬಂದಳು. ಮಾತಿಲ್ಲ ಕತೆಯಿಲ್ಲ, ನೆಲಕ್ಕೆ ಕುಕ್ಕರಿಸಿ ಅವನ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡು ಕಾಲುಚೀಲ ಬಿಚ್ಚಿದಳು. ಹರಡಿನ ಮೇಲೆ ಕಂದು ಕಲೆ, ಅದರ ನಡುವೆ ತೆಳ್ಳಗೆ ಹೊಳೆಯುವ ಚರ್ಮ. ಅವಳು ಹೆಬ್ಬೆರಳಿನಿಂದ ಸುತ್ತಲೂ ಒತ್ತಿ ನೋಡಿದಳು, ಕಾಲು ತಿರುಗಿಸಿ ಹಿಂದೆ ನೋಡಿದಳು, ಬೆರಳ ಸಂದಿ ನೋಡಿದಳು. ಬಲಗಾಲನ್ನೂ ಎಳೆದು ನೋಡಿದಳು.

"ಎಲ್ಲೈತಿ?" ಅಂದಳು.

"ಏನು?"

"ಗಾಯ."

"ಗಾಯ ಎಲ್ಲೀದು? ಎಲ್ಲಾ ಮಾಯ್ದೈತಲ್ಲ."

"ಮತ್ತ ಯಾಕ ಬಂದಿ?"

ಆದೆಪ್ಪ ತಲೆ ಕೆರೆದುಕೊಂಡ. ನಾಚಿಕೊಂಡ ಎಂದೇ ಹೇಳಬೇಕು. "ಸುಮ್ನ ಬಂದೆ. ನಿನ್ನ ನೋಡಬೇಕನಿಸ್ತು, ಬಸ್ಸು ಹತ್ತಿದೆ."

ಗೋಡೆಯ ಈಚೆ ನನಗೆ ಕುಣಿಯಬೇಕೆನಿಸಿತು. ಗೆದ್ದೆಯಲ್ಲೇ ಯಕ್ಕಾ ಎಂದು ಕೂಗಬೇಕೆಂದು ಬಾಯಿ ತೆರೆದೆ. ಅವಳ ಮುಖ ನೋಡಿ ಸುಮ್ಮನಾದೆ. ನಗುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದುಕೊಂಡಿದ್ದೆ. ಅವಳ ಮುಖ ಬಣ್ಣಗೆಟ್ಟಿತ್ತು.

"ಸುಮ್ಮನೂ ಬರಾಕ ಬರ್ತೈತೇನು ನಿನಗ?" ಅಂದಳು ಮೆಲ್ಲಗೆ.

ಅವನು ನಕ್ಕ. ಅವಳು ನಗಲಿಲ್ಲ.

"ಹುಣ್ಣು ಬರೋಕಿಂತ ಮೊದ್ಲ ಇದೇ ಬಸ್ಸಿತ್ತಲ್ಲ. ಇದೇ ಕಟ್ಟಿ ಇತ್ತಲ್ಲ. ಕಾಲು ಎರಡೂ ನೆಟ್ಟಗಿದ್ವಲ್ಲ ಆವಾಗ. ಅವ್ವ ಬಿಡ್ಲಿಲ್ಲ, ಅಕಿ ಬಿಡ್ಲಿಲ್ಲ ಅಂತ ನಾ ತಿಳ್ಕೊಂಡಿದ್ದೆ. ಬರಾಕ ಆಗಂಗಿಲ್ಲ ಅವಗ, ಪಾಪ, ಅಂತ ತಿಳ್ಕೊಂಡಿದ್ದೆ. ಮತ್ತ ಆವಾಗ ಯಾಕ ಬರ್ಲಿಲ್ಲ?"

ಆದೆಪ್ಪ ಕೈಗಡಿಯಾರ ನೋಡಿಕೊಂಡ.

"ಇಷ್ಟ್ ದಿನ ಅಕಿ ಮ್ಯಾಲೆ ಉರಕೊಂಡೆ ನಾನು," ಅಂದಳು ಮುದುಕಮ್ಮ. "ಆ ಕೀವು ಸೋರೋ ಹುಣ್ಣು ಕರದ್ರ ಓಡಿ ಬಂದಿ. ನಾ ಕರದ್ರ ಬರ್ಲಿಲ್ಲ. ಉರಕೋಬೇಕಾಗಿದ್ದು ಹುಣ್ಣಿನ ಮ್ಯಾಲೆ."

ಕಾಲುಚೀಲವನ್ನು ಬೆರಳಿನ ಬುಡದಿಂದ ಸರಿಯಾಗಿ ಏರಿಸಿದಳು. ಎಲ್ಲಿಯೂ ಮಡಿಕೆ ಬೀಳದಂತೆ ಅಂಗೈಯಿಂದ ಸವರಿ, ಅವನ ಕಾಲನ್ನು ತೊಡೆಯಿಂದ ಎತ್ತಿ ನೆಲಕ್ಕೆ ಇಟ್ಟಳು. ಬುತ್ತಿ ತೆಗೆದುಕೊಂಡಳು, ಬಾಗಿಲಿಗೆ ಬೀಗ ಹಾಕಿದಳು, ಹತ್ತಿ ಹೊಲಕ್ಕೆ ಕೂಲಿಯವರನ್ನು ಒಯ್ಯುವ ಆಟೋ ಬಂದಿತ್ತು, ಏರಿ ಹೋದಳು.

ಆದೆಪ್ಪ ಸಿಂಧನೂರು ಬಸ್ಸಿನ ಹೊತ್ತಿನವರೆಗೂ ಆ ಕಟ್ಟೆಯ ಮೇಲೆ ಕುಳಿತಿದ್ದ. ಬಿಸಿಲು ಏರಿದ ಮೇಲೆ ಗೋಡೆಯ ಹತ್ತಿರ ಬಂದು, ತಂಗೀ, ಒಂದು ಚರಿಗಿ ನೀರು ಕೊಡವ್ವಾ ಅಂದ. ಕೊಡ ನನ್ನ ಪಕ್ಕದಲ್ಲೇ ತುಂಬಿ ಇತ್ತು. ನಾನು ಕೊಡಲಿಲ್ಲ.